ವರ್ಣಭೇದದ ಪಾಠ ಮತ್ತು ಕೇರಿಯ ಪ್ರಶ್ನೆ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಿಂದ ಒಂದು ವಿಮರ್ಶೆ

ಕೆಲವು ವರ್ಷಗಳ ಹಿಂದೆ ಚಳ್ಳಕೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಯ ಸಮಾಜ ವಿಜ್ಞಾನದ ಪಾಠವೊಂದನ್ನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವ ಅವಕಾಶ ನನಗೆ ದೊರೆತಿತ್ತು. ಪಾಠವು ವರ್ಣಭೇದ ನೀತಿಯನ್ನು ಕುರಿತದ್ದು. ಅಧ್ಯಾಪಕರು ಶ್ರದ್ಧಾವಂತರು. ನೆಲ್ಸನ್ ಮಂಡೇಲಾ 27 ವರ್ಷ ಸೆರೆಯಲ್ಲಿದ್ದುದನ್ನೂ ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದುದನ್ನೂ ಮಕ್ಕಳ ಮನಸ್ಸಿಗೆ ನಾಟುವಂತೆ ಹೇಳಿದರು. ಇಂಥ ಭೇದ ಎಲ್ಲೆಲ್ಲಿ ಇತ್ತು ಎಂದು ಕೊನೆಗೆ ಕೇಳಿದಾಗ ಇಡೀ ತರಗತಿ ಒಕ್ಕೊರಲಿನಿಂದ ‘ಅಮೆರಿಕ, ದಕ್ಷಿಣ ಆಫ್ರಿಕ’ ಎಂದಿತು. ಅನಂತರ ಅತಿಥಿಯಾಗಿ ಎರಡು ಮಾತನಾಡಲು ನನ್ನನ್ನು ಕರೆದರು. ನಮ್ಮ ಕಡೆ ಹೇಗೆ ಎಂದು ನಾನು ಕೇಳಿದೆ. ಕಿಟಕಿಯ ಪಕ್ಕದ ಹುಡುಗನೊಬ್ಬ ಎದ್ದು, ‘ನಮ್ ಕಡೆ ಬಣ್ಣ ನೋಡಲ್ಲ ಫಾದರ್, ಯಾವ ಕೇರಿ ಅಂತ ಕೇಳ್ತಾರೆ’ ಎಂದ. ತರಗತಿ ನಕ್ಕಿತು. ಅಧ್ಯಾಪಕರು ಗಡಿಯಾರ ನೋಡಿದರು. ನಾನು, ದೇವರ ಮುಂದೆ ನಾವೆಲ್ಲರೂ ಸಮಾನರು ಎಂಬ ಒಂದು ವಾಕ್ಯವನ್ನು ಹೇಳಿ ಕುಳಿತುಬಿಟ್ಟೆ.

ಆ ವಾಕ್ಯದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಅದು ಹುಡುಗನ ಮಾತಿಗೆ ಉತ್ತರವೂ ಆಗಿರಲಿಲ್ಲ. ಅವನು ಒಂದು ಪಾಠದಿಂದ ಇನ್ನೊಂದಕ್ಕೆ ದಾರಿ ತೆರೆದಿದ್ದ. ನಾನು ದೇವರ ಹೆಸರು ಹೇಳಿ ಆ ದಾರಿಯನ್ನು ಮುಚ್ಚಿದೆ. ಈ ಲೇಖನವು ಆ ಮುಚ್ಚುವಿಕೆಯ ವಿಮರ್ಶೆ. ಜನಾಂಗ ಸಮಾನತೆಯ ಹೋರಾಟದ ಇತಿಹಾಸವನ್ನು ನಮ್ಮ ಪ್ರೌಢಶಾಲೆಗಳು, ಅದರಲ್ಲೂ ಧರ್ಮಸಭೆಯ ಆಡಳಿತದಲ್ಲಿರುವ ಶಾಲೆಗಳು, ಹೇಗೆ ಕಲಿಸುತ್ತಿವೆ, ಮತ್ತು ಹಾಗೆ ಕಲಿಸುವಾಗ ಯಾವುದನ್ನು ಬಿಟ್ಟುಬಿಡುತ್ತಿವೆ ಎಂಬುದು ಇಲ್ಲಿನ ಪ್ರಶ್ನೆ. ಈ ಸಂಚಿಕೆಯನ್ನು ಓದುವ ಗುರುವಿದ್ಯಾರ್ಥಿಗಳಲ್ಲಿ ಹಲವರು ನಾಳೆ ಇಂಥ ಶಾಲೆಗಳ ಸಂಚಾಲಕರಾಗುವವರು. ಆದುದರಿಂದ ಇದನ್ನು ಶಿಕ್ಷಣಶಾಸ್ತ್ರದವರ ಪಾಲಿಗೆ ಬಿಟ್ಟು ಸುಮ್ಮನಿರುವ ಹಾಗಿಲ್ಲ.

1. ಒಂದೇ ಪುಸ್ತಕದ ಎರಡು ಪಾಠಗಳು

ರಾಜ್ಯದ ಹತ್ತನೆಯ ತರಗತಿಯ ಸಮಾಜ ವಿಜ್ಞಾನ ಪುಸ್ತಕದ, ನಾನು ನೋಡಿದ ಮುದ್ರಣಗಳಲ್ಲಿ, ವರ್ಣಭೇದ ನೀತಿಯು ರಾಜ್ಯಶಾಸ್ತ್ರದ ಭಾಗದಲ್ಲಿ ಬರುತ್ತದೆ. ಭಾರತದ ವಿದೇಶಾಂಗ ನೀತಿಯ ಲಕ್ಷಣಗಳಲ್ಲಿ ಒಂದಾಗಿ, ಜಾಗತಿಕ ಸಮಸ್ಯೆಗಳಲ್ಲಿ ಒಂದಾಗಿ ಅದರ ಪ್ರಸ್ತಾಪವಿದೆ. ಅಸ್ಪೃಶ್ಯತೆಯು ಸಮಾಜಶಾಸ್ತ್ರದ ಭಾಗದಲ್ಲಿ, ಸಾಮಾಜಿಕ ಸ್ತರವಿನ್ಯಾಸ ಎಂಬ ಅಧ್ಯಾಯದೊಳಗಿದೆ. ಸಂವಿಧಾನದ 17ನೆಯ ವಿಧಿ, 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಇತ್ಯಾದಿಗಳು ಅಲ್ಲಿ ಬರುತ್ತವೆ. ಎರಡೂ ಪಾಠಗಳಿರುವುದು ಮೆಚ್ಚತಕ್ಕ ಸಂಗತಿ. ಆದರೆ ಅವು ಪರಸ್ಪರ ಭೇಟಿಯಾಗುವುದಿಲ್ಲ. ಮೊದಲನೆಯದರಲ್ಲಿ ಭಾರತವು ಬೇರೆಯವರ ಅನ್ಯಾಯವನ್ನು ಖಂಡಿಸುವ ಸಾಕ್ಷಿ. ಎರಡನೆಯದರಲ್ಲಿ ಭಾರತವು ಕಾನೂನುಗಳ ಮೂಲಕ ತನ್ನ ಅನ್ಯಾಯವನ್ನು ತಿದ್ದಿಕೊಂಡ ದೇಶ. ಒಂದು ದೂರದಲ್ಲಿದೆ, ಇನ್ನೊಂದು ಮುಗಿದುಹೋಗಿದೆ. ದೂರದ್ದಕ್ಕೂ ಮುಗಿದದ್ದಕ್ಕೂ ಹದಿನೈದರ ಹುಡುಗ ಉತ್ತರ ಕೊಡಬೇಕಾಗಿಲ್ಲ. ಅಂಕ ಪಡೆದರೆ ಸಾಕು.

ಇಲ್ಲಿ ನಮ್ಮ ಭಾಷೆಯೇ ನಮಗೆ ಒಂದು ಸುಳಿವನ್ನು ಕೊಟ್ಟಿದೆ. ಕನ್ನಡದಲ್ಲಿ ‘ವರ್ಣ’ ಎಂದರೆ ಬಣ್ಣವೂ ಹೌದು, ಚಾತುರ್ವರ್ಣ್ಯದ ವರ್ಣವೂ ಹೌದು. ದಕ್ಷಿಣ ಆಫ್ರಿಕದ ನೀತಿಗೆ ‘ವರ್ಣಭೇದ’ ಎಂಬ ಪದವನ್ನು ಆರಿಸಿಕೊಂಡಾಗ ನಾವು ಅರಿಯದೆಯೇ ನಮ್ಮ ಮನೆಯ ಮಾತನ್ನು ಅದಕ್ಕೆ ಕೊಟ್ಟೆವು. ಆದರೂ ತರಗತಿಯಲ್ಲಿ ಆ ಪದದ ಒಂದು ಅರ್ಥ ಮಾತ್ರ ಕೇಳಿಸುತ್ತದೆ. ಪದದ ಹೊಂದಿಕೆಯಿಂದಲೇ ಎಲ್ಲವನ್ನೂ ಸಾಧಿಸಲಾಗದು ಎಂಬುದನ್ನೂ ಹೇಳಬೇಕು. ಜಾತಿ ಎಂದರೆ ಬಣ್ಣವಲ್ಲ. ಅಸ್ಪೃಶ್ಯರೆನಿಸಿದವರನ್ನು ನಾಲ್ಕು ವರ್ಣಗಳ ಹೊರಗೇ ಇಡಲಾಗಿತ್ತು. ಅಮೆರಿಕದಲ್ಲಿ ಕಣ್ಣು ನೋಡಿ ತೀರ್ಮಾನಿಸುತ್ತಿದ್ದುದನ್ನು ಇಲ್ಲಿ ಬಾಯಿ ಕೇಳಿ ತಿಳಿದುಕೊಳ್ಳುತ್ತದೆ. ಹುಡುಗ ಹೇಳಿದ್ದು ಈ ವ್ಯತ್ಯಾಸವನ್ನೇ. ಸಾಮ್ಯವನ್ನೂ ವ್ಯತ್ಯಾಸವನ್ನೂ ಅವನು ಒಂದೇ ವಾಕ್ಯದಲ್ಲಿ ಹಿಡಿದಿದ್ದ. ನಮ್ಮ ಪಠ್ಯವಾಗಲಿ, ಅಂದು ನಾನಾಗಲಿ, ಅಷ್ಟು ದೂರ ಹೋಗಿರಲಿಲ್ಲ.

2. ಮೈಸೂರಿನ ಶಾಲೆಯಲ್ಲಿ ಒಬ್ಬ ಅತಿಥಿ

ಈ ಎರಡು ಇತಿಹಾಸಗಳು ನಮ್ಮ ನಾಡಿನ ಒಂದು ಶಾಲೆಯಲ್ಲಿಯೇ ಮುಖಾಮುಖಿಯಾದ ಪ್ರಸಂಗವೊಂದಿದೆ. 1937ರ ಜನವರಿಯಲ್ಲಿ ಮೈಸೂರಿನಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ವಿಶ್ವ ಸಮ್ಮೇಳನ ನಡೆಯಿತು. ಅದಕ್ಕೆ ಬಂದ ಪ್ರತಿನಿಧಿಗಳಲ್ಲಿ ಬೆಂಜಮಿನ್ ಮೇಸ್ ಒಬ್ಬರು. ಅವರು ಬ್ಯಾಪ್ಟಿಸ್ಟ್ ಬೋಧಕರು. ಆಗ ವಾಷಿಂಗ್‌ಟನ್ ನಗರದ ಹೋವರ್ಡ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದ ಮುಖ್ಯಸ್ಥರು. ಮುಂದೆ 1940ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದವರು. ಅಲ್ಲಿ ಓದಿದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಜೀವನವಿಡೀ ಗುರುವೆಂದೇ ಭಾವಿಸಿದರು. 1971ರಲ್ಲಿ ಪ್ರಕಟವಾದ ‘ಬಾರ್ನ್ ಟು ರೆಬೆಲ್’ ಎಂಬ ಆತ್ಮಕಥೆಯಲ್ಲಿ ಮೇಸ್ ಈ ಪ್ರಸಂಗವನ್ನು ಹೇಳಿದ್ದಾರೆ. ಅಸ್ಪೃಶ್ಯರ ಮಕ್ಕಳು ಓದುವ ಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ಪರಿಚಯಿಸುತ್ತ, ಇವರು ದೊಡ್ಡ ಸಾಧನೆ ಮಾಡಿದ ಅಸ್ಪೃಶ್ಯರು ಎಂದರಂತೆ. ಮೇಸ್ ಮೊದಲು ಬೆಚ್ಚಿದರು, ಸಿಟ್ಟಾದರು. ಅನಂತರ, ತಮ್ಮ ದೇಶದಲ್ಲಿ ತಾವು ನಿಜವಾಗಿಯೂ ಅದೇ ಸ್ಥಿತಿಯಲ್ಲಿದ್ದೇವೆ ಎಂಬ ಅರಿವು ಅವರಿಗೆ ಹಿಂದೆಂದೂ ಆಗದಷ್ಟು ಸ್ಪಷ್ಟವಾಗಿ ಆಯಿತು.

ಇಪ್ಪತ್ತೆರಡು ವರ್ಷಗಳ ಬಳಿಕ, 1959ರಲ್ಲಿ, ಭಾರತಕ್ಕೆ ಬಂದ ಕಿಂಗ್ ಅವರಿಗೂ ಇದೇ ಬಗೆಯ ಅನುಭವವಾಯಿತು. ತಿರುವನಂತಪುರದ ಪ್ರೌಢಶಾಲೆಯೊಂದರಲ್ಲಿ ಪ್ರಾಂಶುಪಾಲರು ಅವರನ್ನು ಅಮೆರಿಕದಿಂದ ಬಂದ ನಮ್ಮಂಥವರೇ ಆದ ಅಸ್ಪೃಶ್ಯರೆಂದು ಪರಿಚಯಿಸಿದ್ದನ್ನು 1965ರ ಜುಲೈ 4ರಂದು ಅಟ್ಲಾಂಟಾದ ಎಬಿನೇಜರ್ ದೇವಾಲಯದಲ್ಲಿ ನೀಡಿದ ಪ್ರಬೋಧನೆಯಲ್ಲಿ ಅವರು ನೆನೆದರು. ಅಲ್ಲಿಯೂ ಅದೇ ಮೂರು ಹಂತಗಳು: ಒಂದು ಹೆಸರು, ಒಂದು ನೋವು, ಒಂದು ಒಪ್ಪಿಗೆ. ಆ ದಿನ ಅಮೆರಿಕದ ಸ್ವಾತಂತ್ರ್ಯ ದಿನವಾಗಿತ್ತು ಎಂಬುದನ್ನು ಮರೆಯಬಾರದು. ಎಲ್ಲ ಮನುಷ್ಯರೂ ಸಮಾನರೆಂದು ಸಾರಿದ ದೇಶದ ಹಬ್ಬದಂದು, ಆ ದೇಶದ ಮಗನೊಬ್ಬ ಭಾರತದ ಶಾಲೆಯಲ್ಲಿ ತನಗೆ ದೊರೆತ ಹೆಸರನ್ನು ಧರ್ಮಪೀಠದಿಂದ ಹೇಳಿಕೊಂಡ.

ನಮ್ಮ ತರಗತಿಗಳಿಗೆ ಇದಕ್ಕಿಂತ ಹತ್ತಿರದ ಪಾಠ ಇನ್ನೊಂದಿಲ್ಲ. 1937ರಲ್ಲಿ ಚಳ್ಳಕೆರೆಯೂ ಮೊಳಕಾಲ್ಮೂರೂ ಮೈಸೂರು ಸಂಸ್ಥಾನದ ತಾಲ್ಲೂಕುಗಳೇ. ಆದರೆ ಈ ಪ್ರಸಂಗವನ್ನು ಕೇವಲ ಸ್ಫೂರ್ತಿಕಥೆಯಾಗಿ ಬಳಸುವ ಮುನ್ನ ಅದನ್ನು ವಿಮರ್ಶಕರ ಕಣ್ಣಿನಿಂದ ಓದಬೇಕು. ಹಾಗೆ ಓದಿದಾಗ ಎರಡು ಸಂಗತಿಗಳು ಕಾಣುತ್ತವೆ.

ಮೊದಲನೆಯದು: ಹೆಸರು ಇಟ್ಟವರು ಯಾರು ಎಂಬುದು. ‘ಅಸ್ಪೃಶ್ಯ’ ಎಂಬ ಅದೇ ಪದವನ್ನು ಅರಮನೆಯ ಅಧಿಕಾರಿಯೋ ಸಮ್ಮೇಳನದ ಸವರ್ಣ ಪ್ರತಿನಿಧಿಯೋ ಹೇಳಿದ್ದರೆ ಅದು ಬೈಗುಳವಾಗುತ್ತಿತ್ತು. ಆ ಮಕ್ಕಳ ನಡುವೆ ನಿಂತು, ಆ ಮಕ್ಕಳ ಪರವಾಗಿ, ಅವರ ಶಾಲೆಯ ಹಿರಿಯರು ಹೇಳಿದ್ದರಿಂದ ಅದು ಸ್ವಾಗತವಾಯಿತು. ನೀವು ನಮ್ಮವರು ಎಂದು ಹೇಳಲು ಅವರ ಬಳಿ ಇದ್ದದ್ದು ಅದೊಂದೇ ಪದ. ಇದನ್ನು ಮರೆತು, ಕೇರಿಯ ಹೊರಗಿನಿಂದ ಬಂದ ಅಧ್ಯಾಪಕನೋ ಗುರುವೋ ತರಗತಿಯ ಮಗುವೊಂದನ್ನು ತೋರಿಸಿ, ಇವನನ್ನು ನೋಡಿ, ಇವನ ಜನರಿಗೂ ಹೀಗೇ ಆಗಿತ್ತು ಎಂದರೆ, ಅದು ಪಾಠವಲ್ಲ. ಗಾಯಕ್ಕೆ ಮತ್ತೊಂದು ಗಾಯ.

ಎರಡನೆಯದು: ಆ ಮಕ್ಕಳು ಎಲ್ಲಿ ಹೋದರು ಎಂಬುದು. ಎರಡೂ ಕಥನಗಳಲ್ಲಿ ಮಕ್ಕಳು ಕನ್ನಡಿಯಂತಿದ್ದಾರೆ. ಅತಿಥಿಯು ಅವರಲ್ಲಿ ತನ್ನ ಮುಖವನ್ನು ಕಂಡುಕೊಂಡು ಮುಂದೆ ಸಾಗುತ್ತಾನೆ. ಅವರು ಏನು ಕೇಳಿದರು, ನಕ್ಕರೋ, ಸಂಕೋಚಪಟ್ಟರೋ, ಅತಿಥಿಯು ಹೋದ ಮೇಲೆ ಊರಿನ ಬಾವಿಗೆ ಹೇಗೆ ಹೋದರು ಎಂಬುದು ಕಥನದಲ್ಲಿ ಇಲ್ಲ. ಇದು ಮೇಸ್ ಅಥವಾ ಕಿಂಗ್ ಅವರ ಮೇಲಿನ ದೂರಲ್ಲ. ಅವರು ತಮ್ಮ ಜನರಿಗೆ ತಮ್ಮ ಕಥೆ ಹೇಳುತ್ತಿದ್ದರು. ಆದರೆ ನಾವು ಆ ಮಕ್ಕಳ ಊರಿನವರು. ಅತಿಥಿಯ ಅರಿವಿನಿಂದ ಕಣ್ಣು ತುಂಬಿಕೊಂಡು ಮಕ್ಕಳನ್ನು ಮರೆಯುವ ಹಕ್ಕು ನಮಗಿಲ್ಲ. ಅವರು ಬಿಟ್ಟ ಜಾಗದಿಂದ ನಮ್ಮ ಪಾಠ ಆರಂಭವಾಗಬೇಕು.

3. ಸಂಬಂಧವು ಹೊಸದಲ್ಲ

ಕಪ್ಪು ಜನರ ಹೋರಾಟವನ್ನು ಜಾತಿಯ ಪ್ರಶ್ನೆಗೆ ಜೋಡಿಸುವುದು ಇಂದಿನ ಫ್ಯಾಷನ್ ಎಂದು ಹೇಳುವವರಿದ್ದಾರೆ. ಇತಿಹಾಸ ಅದನ್ನು ಒಪ್ಪುವುದಿಲ್ಲ. 1873ರಲ್ಲಿ ಜೋತಿಬಾ ಫುಲೆ ತಮ್ಮ ‘ಗುಲಾಮಗಿರಿ’ ಗ್ರಂಥವನ್ನು ನೀಗ್ರೋ ಗುಲಾಮಗಿರಿಯ ಅಂತ್ಯಕ್ಕಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. 1913ರಿಂದ ಮೂರು ವರ್ಷ ಅಂಬೇಡ್ಕರ್ ಓದಿದ ಕೊಲಂಬಿಯ ವಿಶ್ವವಿದ್ಯಾಲಯವು ನ್ಯೂಯಾರ್ಕಿನ ಕಪ್ಪು ಜನರ ಹಾರ್ಲೆಮ್ ಬಡಾವಣೆಗೆ ಹತ್ತಿರದಲ್ಲಿಯೇ ಇದೆ. ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಲಿದ್ದ ಮನವಿಯ ಪ್ರತಿಯನ್ನು ಕೇಳಿ 1946ರಲ್ಲಿ ಅವರು ಡಬ್ಲ್ಯು. ಇ. ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು. ಡುಬಾಯ್ಸ್ ಸಹಾನುಭೂತಿಯಿಂದ ಉತ್ತರಿಸಿದರು. 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ್ ಪ್ಯಾಂಥರ್ಸ್ ಸಂಘಟನೆಯು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ ತನ್ನದಾಗಿಸಿಕೊಂಡಿತು. ಅದೇ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಬಿ. ಕೃಷ್ಣಪ್ಪನವರು ಹರಿಹರದವರು, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕರಾಗಿದ್ದವರು. 1997ರವರೆಗೆ ಹರಿಹರವು ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಅಂದರೆ ನಮ್ಮ ಜಿಲ್ಲೆಯ ಒಬ್ಬ ಮೇಷ್ಟರು ಈ ಇತಿಹಾಸದಲ್ಲಿದ್ದಾರೆ. ಆದರೆ ಅವರ ಹೆಸರನ್ನು ಕೇಳಿರದ ಮಕ್ಕಳು ಮಂಡೇಲಾ ಸೆರೆಯಲ್ಲಿದ್ದ ವರ್ಷಗಳನ್ನು ಬಾಯಿಪಾಠ ಹೇಳುತ್ತಾರೆ.

ಅಮೆರಿಕದ ಹೋರಾಟವನ್ನೇ ಹೇಳುವುದಾದರೂ ನಾವು ಒಬ್ಬಿಬ್ಬರು ಮಹಾಪುರುಷರ ಕಥೆಯಾಗಿ ಹೇಳುತ್ತೇವೆ. ಅದು ಬಹುಮಟ್ಟಿಗೆ ಪ್ರೌಢಶಾಲೆಯ ಮಕ್ಕಳ ಹೋರಾಟವೂ ಆಗಿತ್ತೆಂಬುದನ್ನು ಬಿಟ್ಟುಬಿಡುತ್ತೇವೆ. 1951ರ ಏಪ್ರಿಲ್‌ನಲ್ಲಿ ವರ್ಜೀನಿಯದ ಫಾರ್ಮ್‌ವಿಲ್ ಊರಿನಲ್ಲಿ 16 ವರ್ಷದ ಬಾರ್ಬರಾ ಜಾನ್ಸ್ ತನ್ನ ಮೋಟನ್ ಪ್ರೌಢಶಾಲೆಯ ದುಃಸ್ಥಿತಿಯನ್ನು ವಿರೋಧಿಸಿ ಸಹಪಾಠಿಗಳನ್ನು ಮುಷ್ಕರಕ್ಕೆ ಕರೆದಳು. ಅದರಿಂದ ಹುಟ್ಟಿದ ಮೊಕದ್ದಮೆಯು, ಶಾಲೆಗಳಲ್ಲಿನ ಪ್ರತ್ಯೇಕತೆಯನ್ನು ಸಂವಿಧಾನಬಾಹಿರವೆಂದು 1954ರಲ್ಲಿ ಸಾರಿದ ಬ್ರೌನ್ ತೀರ್ಪಿನಲ್ಲಿ ಸೇರಿದ್ದ ಐದು ಮೊಕದ್ದಮೆಗಳಲ್ಲಿ ಒಂದು. 1955ರ ಮಾರ್ಚ್ 2ರಂದು, ರೋಸಾ ಪಾರ್ಕ್ಸ್ ಬಂಧನಕ್ಕೆ ಒಂಬತ್ತು ತಿಂಗಳು ಮೊದಲು, ಮಾಂಟ್ಗೊಮೆರಿಯ ಬಸ್ಸಿನಲ್ಲಿ ಆಸನ ಬಿಟ್ಟುಕೊಡದೆ ಬಂಧಿತಳಾದ ಕ್ಲಾಡೆಟ್ ಕಾಲ್ವಿನ್ 15 ವರ್ಷದ ವಿದ್ಯಾರ್ಥಿನಿ. 1963ರ ಮೇ ತಿಂಗಳಿನಲ್ಲಿ ಬರ್ಮಿಂಗ್‌ಹ್ಯಾಮಿನ ಬೀದಿಗಳಲ್ಲಿ ನೀರಿನ ಕೊಳವೆಗಳನ್ನೂ ಪೊಲೀಸ್ ನಾಯಿಗಳನ್ನೂ ಎದುರಿಸಿದವರಲ್ಲಿ ಬಹುಮಂದಿ ಶಾಲಾ ಮಕ್ಕಳು. ಗೆಲುವಿನ ಬೆಲೆಯನ್ನೂ ಮಕ್ಕಳಿಗೆ ಹೇಳಬೇಕು. ಫಾರ್ಮ್‌ವಿಲ್ ಇರುವ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಆಡಳಿತವು ಕಪ್ಪು ಮತ್ತು ಬಿಳಿ ಮಕ್ಕಳನ್ನು ಒಟ್ಟಿಗೆ ಕೂರಿಸುವುದರ ಬದಲು 1959ರಿಂದ 1964ರವರೆಗೆ ಎಲ್ಲ ಸಾರ್ವಜನಿಕ ಶಾಲೆಗಳನ್ನೂ ಮುಚ್ಚಿಬಿಟ್ಟಿತು. ತೀರ್ಪು ಬಂದ ಕೂಡಲೇ ನ್ಯಾಯ ಬಂದಂತಲ್ಲ. 17ನೆಯ ವಿಧಿಯನ್ನು ಬಾಯಿಪಾಠ ಮಾಡಿಸುವ ನಮಗೆ ಇದು ಅತ್ಯಂತ ಹತ್ತಿರದ ಸತ್ಯ.

4. ಹಟ್ಟಿ, ಕೇರಿ ಮತ್ತು ಬ್ರಹ್ಮಗಿರಿಯ ಬಂಡೆ

ಚಳ್ಳಕೆರೆ ಮತ್ತು ಮೊಳಕಾಲ್ಮೂರು ವಿಧಾನಸಭಾ ಕ್ಷೇತ್ರಗಳೆರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲು; ಅವು ಸೇರಿರುವ ಚಿತ್ರದುರ್ಗ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲು. ಮ್ಯಾಸಬೇಡರ ಹಟ್ಟಿಗಳು, ಕಾಡುಗೊಲ್ಲರ ಹಟ್ಟಿಗಳು, ಮಾದಿಗರ ಮತ್ತು ಹೊಲೆಯರ ಕೇರಿಗಳು ಇಲ್ಲಿನ ಊರುಗಳ ನಕ್ಷೆಯನ್ನು ಬರೆದಿವೆ. ಮೇಲ್ಜಾತಿ ಒಂದು, ಕೆಳಜಾತಿ ಒಂದು ಎಂಬ ಸರಳ ಚಿತ್ರ ಇಲ್ಲಿ ನಿಲ್ಲುವುದಿಲ್ಲ. ಬಡತನದಲ್ಲಿ ಒಬ್ಬರಿಗೊಬ್ಬರು ಸಮೀಪವಿರುವವರ ನಡುವೆಯೇ ಮಡಿಯ ಗೆರೆ ಎದ್ದಿದೆ. 2019ರ ಸೆಪ್ಟೆಂಬರಿನಲ್ಲಿ, ಆಗ ನಮ್ಮ ಕ್ಷೇತ್ರದ ಸಂಸದರಾಗಿದ್ದ, ದಲಿತ ಸಮುದಾಯದ ಎ. ನಾರಾಯಣಸ್ವಾಮಿಯವರು, ಅದೇ ಕ್ಷೇತ್ರಕ್ಕೆ ಸೇರಿದ ಪಾವಗಡ ತಾಲ್ಲೂಕಿನ ಗೊಲ್ಲರಹಟ್ಟಿಯೊಂದಕ್ಕೆ ಹೋದಾಗ ಹಟ್ಟಿಯ ಹೊರಗೇ ಅವರನ್ನು ತಡೆಯಲಾಯಿತು. ತಮ್ಮವರೇ ಮತ ಹಾಕಿ ಆರಿಸಿದ ಕ್ಷೇತ್ರದ ಪ್ರತಿನಿಧಿ ಒಳಗೆ ಕಾಲಿಡದೆ ಹಿಂದಿರುಗಿದರು. ಆ ಹಟ್ಟಿಯವರೂ ಅಧಿಕಾರದ ಬಾಗಿಲಲ್ಲಿ ತಲೆತಲಾಂತರದಿಂದ ಹೊರಗೆ ನಿಂತವರೇ. ತಾವೇ ಹೊರಗೆ ನಿಂತವರು ಇನ್ನೊಬ್ಬರನ್ನು ಹೊರಗೆ ನಿಲ್ಲಿಸುವ ಈ ಸಂಕಟವನ್ನು ವಿವರಿಸದ ಸಮಾನತೆಯ ಪಾಠವು ನಮ್ಮ ಸೀಮೆಗೆ ಸಾಲದು. ಹಟ್ಟಿಯ ಮಗುವೂ ಕೇರಿಯ ಮಗುವೂ ಒಂದೇ ಬೆಂಚಿನಲ್ಲಿ ಕೂರುವ ಜಾಗ ಶಾಲೆಯೊಂದೇ ಆಗಿರುವಾಗ, ಶಾಲೆ ಸುಮ್ಮನಿರಲಾಗದು.

ಮಕ್ಕಳನ್ನು ನಾವು ಬ್ರಹ್ಮಗಿರಿಗೆ ಪ್ರವಾಸ ಕರೆದೊಯ್ಯುತ್ತೇವೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಕ್ರಿ.ಪೂ. 3ನೆಯ ಶತಮಾನದ ಈ ಬರೆಹ ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ. ತಂದೆತಾಯಿಗಳನ್ನು ಸೇವಿಸಬೇಕು, ಸತ್ಯ ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಭಾಗವನ್ನು ಬಂಡೆಯ ಮುಂದೆ ನಿಂತ ಎಲ್ಲ ಮೇಷ್ಟರುಗಳೂ ಮಕ್ಕಳಿಗೆ ತಪ್ಪದೆ ಹೇಳುತ್ತಾರೆ. ಅದೇ ಬಂಡೆಯಲ್ಲಿ ಇನ್ನೊಂದು ಮಾತಿದೆ: ಶ್ರಮದ ಫಲ ದೊಡ್ಡವರಿಗೆ ಮಾತ್ರ ದಕ್ಕುವಂಥದ್ದಲ್ಲ, ಶ್ರಮಿಸುವ ಸಣ್ಣವನೂ ವಿಪುಲವಾದ ಸ್ವರ್ಗವನ್ನು ಪಡೆಯಬಲ್ಲ ಎಂಬ ಅರ್ಥದ್ದು. ಇದನ್ನು ಜಾತಿನಾಶದ ಘೋಷಣೆ ಎಂದು ಓದುವುದು ಅತಿಯಾದೀತು. ಶಾಸನದ ‘ಸಣ್ಣವನು’ ಇಂದಿನ ದಲಿತನೆಂದು ಹೇಳಲಾಗದು. ಆದರೆ ವಿಧೇಯತೆಯನ್ನು ಕಲಿಸುವ ಅರ್ಧವನ್ನು ಓದಿ, ಸಣ್ಣವನಿಗೆ ಬಾಗಿಲು ತೆರೆಯುವ ಅರ್ಧವನ್ನು ಬಿಟ್ಟುಬಿಡುವ ನಮ್ಮ ಅಭ್ಯಾಸವು ಶಾಸನದ ಬಗ್ಗೆ ಅಲ್ಲ, ನಮ್ಮ ಬಗ್ಗೆ ಹೇಳುತ್ತದೆ. ಶುಭಸಂದೇಶವನ್ನೂ ನಾವು ಹಲವು ಬಾರಿ ಹೀಗೆಯೇ ಓದಿದ್ದೇವೆ.

5. ಅಂತಿಯೋಕ್ಯದ ಊಟದ ಪಂಕ್ತಿ

ಈ ಪ್ರಶ್ನೆಗೆ ದೈವಶಾಸ್ತ್ರದಲ್ಲಿ ಉತ್ತರ ಹುಡುಕುವಾಗ ನಾವು ಸಾಮಾನ್ಯವಾಗಿ ಸಂತ ಪೌಲರು ಗಲಾತ್ಯರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯಕ್ಕೆ ಹೋಗುತ್ತೇವೆ. ಯೆಹೂದ್ಯ-ಗ್ರೀಕ, ದಾಸ-ಸ್ವತಂತ್ರ ಎಂಬ ಭೇದವಿಲ್ಲ ಎಂಬ ಆ ಮಾತು ಸುಂದರ, ಭಿತ್ತಿಪತ್ರಕ್ಕೂ ಒಪ್ಪುತ್ತದೆ. ಆದರೆ ಅದಕ್ಕೆ ಮುಂಚಿನ ಅಧ್ಯಾಯದಲ್ಲಿ ಅಂತಿಯೋಕ್ಯದ ಪ್ರಸಂಗವಿದೆ. ಯೆಹೂದ್ಯೇತರರೊಡನೆ ಊಟ ಮಾಡುತ್ತಿದ್ದ ಪೇತ್ರನು, ಯಕೋಬನ ಕಡೆಯವರು ಬಂದ ಕೂಡಲೇ ಹಿಂದೆ ಸರಿದ. ಬಾರ್ನಬನೂ ಅವನನ್ನು ಹಿಂಬಾಲಿಸಿದ. ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದೆಂದು ಕೊರ್ನೇಲಿಯನ ಪ್ರಸಂಗದಲ್ಲಿ ದರ್ಶನದಿಂದಲೇ ಕಲಿತವನೆಂದು ಪ್ರೇಷಿತರ ಕಾರ್ಯಕಲಾಪಗಳು ಹೇಳುವ ಪೇತ್ರ ಇವನೇ. ಅವನ ಸಿದ್ಧಾಂತ ಸರಿಯಾಗಿತ್ತು, ತಪ್ಪಿದ್ದು ಪಂಕ್ತಿಯಲ್ಲಿ. ಪೌಲರು ಇದನ್ನು ಶಿಷ್ಟಾಚಾರದ ಲೋಪವೆಂದು ಕಾಣಲಿಲ್ಲ, ಶುಭಸಂದೇಶದ ಸತ್ಯದಿಂದಲೇ ಆದ ಜಾರುವಿಕೆಯೆಂದು ಕಂಡು ಎಲ್ಲರ ಮುಂದೆ ಎದುರಿಸಿದರು. ಮೂರನೆಯ ಅಧ್ಯಾಯದ ಘೋಷಣೆ ಈ ಊಟದ ಜಗಳದ ಬೆನ್ನಿಗೇ ಬರುತ್ತದೆ. ಪಂಕ್ತಿಯನ್ನು ಬಿಟ್ಟು ಘೋಷಣೆಯನ್ನು ಮಾತ್ರ ಹೇಳುವವನು ಪೌಲರನ್ನು ಅರ್ಧ ಓದಿದವನು. ಆ ತರಗತಿಯಲ್ಲಿ ನಾನು ಮಾಡಿದ್ದು ಅದನ್ನೇ.

ನಮ್ಮ ಧರ್ಮಸಭೆಗೂ ತನ್ನ ಅಂತಿಯೋಕ್ಯಗಳಿವೆ. 1606ರಲ್ಲಿ ಮದುರೆಗೆ ಬಂದ ರಾಬರ್ಟ್ ದೆ ನೊಬಿಲಿಯವರ ವಿದ್ವತ್ತನ್ನೂ ಸ್ಥಳೀಯ ಸಂಸ್ಕೃತಿಯ ಬಗ್ಗೆ ಅವರಿಗಿದ್ದ ಗೌರವವನ್ನೂ ನಾವು ಸರಿಯಾಗಿಯೇ ಕೊಂಡಾಡುತ್ತೇವೆ. ಆದರೆ ಆ ಪ್ರಯೋಗದಿಂದ ಮೇಲ್ಜಾತಿಯವರಿಗೆ ಸನ್ಯಾಸಿ ಗುರುಗಳು, ಕೆಳಜಾತಿಯವರಿಗೆ ಪಂಡಾರಸ್ವಾಮಿಗಳು ಎಂಬ ಎರಡು ಬಗೆಯ ಪ್ರೇಷಿತ ಕಾರ್ಯ ಬೆಳೆದುದನ್ನು ಸಂಸ್ಕೃತೀಕರಣದ ಪಾಠದಲ್ಲಿ ಎಷ್ಟು ಮಂದಿ ಚರ್ಚಿಸುತ್ತೇವೆ? ತಮಿಳುನಾಡಿನ ವಡಕ್ಕಂಕುಳದಲ್ಲಿ ಒಂದೇ ದೇವಾಲಯದೊಳಗೆ ಜಾತಿಗಳನ್ನು ಬೇರ್ಪಡಿಸುವ ಗೋಡೆಯಿತ್ತು. ಅದನ್ನು ಕೆಡವಿದ್ದು 1910ರಲ್ಲಿ. ಒಂದೇ ಬಲಿಪೂಜೆ, ಒಂದೇ ಪರಮಪ್ರಸಾದ, ನಡುವೆ ಗೋಡೆ. ಎರಡನೆಯ ವ್ಯಾಟಿಕನ್ ಮಹಾಸಭೆಯು ‘ಗೌದಿಯುಂ ಎತ್ ಸ್ಪೆಸ್’ ಸಂವಿಧಾನದ 29ನೆಯ ಪರಿಚ್ಛೇದದಲ್ಲಿ ಲಿಂಗ, ಜನಾಂಗ, ಬಣ್ಣ, ಸಾಮಾಜಿಕ ಸ್ಥಿತಿ, ಭಾಷೆ, ಧರ್ಮಗಳ ಆಧಾರದ ಭೇದವು ದೇವರ ಸಂಕಲ್ಪಕ್ಕೆ ವಿರುದ್ಧವೆಂದು ಹೇಳಿತು. 2003ರ ನವೆಂಬರಿನಲ್ಲಿ ತಮಿಳುನಾಡಿನ ಧರ್ಮಾಧ್ಯಕ್ಷರೊಡನೆ ಮಾತನಾಡಿದ ಪೋಪ್ ಎರಡನೆಯ ಜಾನ್ ಪೌಲರು ಕ್ರೈಸ್ತರ ನಡುವಿನ ಜಾತಿ ಪೂರ್ವಗ್ರಹವನ್ನು ನೇರವಾಗಿ ಖಂಡಿಸಿದರು. 2016ರಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು ದಲಿತ ಸಬಲೀಕರಣ ನೀತಿಯನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ಈ ಪಾಪವಿದೆ ಎಂದು ಒಪ್ಪಿಕೊಂಡಿತು. ದಲಿತ ಕ್ರೈಸ್ತರು 1950ರ ರಾಷ್ಟ್ರಪತಿ ಆದೇಶದಿಂದ ಪರಿಶಿಷ್ಟ ಜಾತಿಯ ಪಟ್ಟಿಯ ಹೊರಗೆ ಉಳಿದುದನ್ನು ನಾವು ಸರಿಯಾಗಿಯೇ ಪ್ರತಿಭಟಿಸುತ್ತೇವೆ. ಆದರೆ ಸರಕಾರದ ಮುಂದೆ ಜಾತಿಭೇದ ನಮ್ಮಲ್ಲೂ ಇದೆ ಎಂದು ವಾದಿಸಿ, ಶಾಲೆಯಲ್ಲಿ ಮಕ್ಕಳ ಮುಂದೆ ನಮ್ಮಲ್ಲಿ ಜಾತಿಯಿಲ್ಲ ಎನ್ನುವುದು ಎರಡು ನಾಲಿಗೆಯ ಮಾತಾಗುತ್ತದೆ.

ಕಪ್ಪು ಜನರ ವಿಮೋಚನಾ ದೈವಶಾಸ್ತ್ರದ ಜೇಮ್ಸ್ ಕೋನ್ 2011ರ ತಮ್ಮ ಗ್ರಂಥದಲ್ಲಿ ಎತ್ತಿದ ಆಕ್ಷೇಪ ಇಲ್ಲಿ ನಮಗೆ ತಾಗುತ್ತದೆ. ಶಿಲುಬೆಯ ಬಗ್ಗೆ ಅಷ್ಟು ಆಳವಾಗಿ ಬರೆದ ರೈನ್‌ಹೋಲ್ಡ್ ನೀಬೂರ್‌ರಂಥ ದೈವಶಾಸ್ತ್ರಜ್ಞರಿಗೂ ತಮ್ಮ ದೇಶದಲ್ಲಿ ಕಪ್ಪು ಜನರನ್ನು ನೇಣು ಹಾಕುತ್ತಿದ್ದ ಮರವು ಶಿಲುಬೆಯೊಡನೆ ಸೇರಿ ಕಾಣಲಿಲ್ಲ ಎಂಬುದು ಅವರ ಆಕ್ಷೇಪ. 2000ದ ಮಾರ್ಚ್ 11ರಂದು ಕೋಲಾರ ಜಿಲ್ಲೆಯ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು; ವಿಚಾರಣೆಯ ಕೊನೆಗೆ ಆರೋಪಿಗಳು ಬಿಡುಗಡೆಯಾದರು. ಆ ವರ್ಷ ತಪಸ್ಸುಕಾಲದ ಶಿಲುಬೆಯ ಹಾದಿಯಲ್ಲಿ ನಡೆದ ನಮ್ಮಲ್ಲಿ ಎಷ್ಟು ಮಂದಿಗೆ ಆ ಬೆಂಕಿ ನೆನಪಾಗಿತ್ತು? ಕೋನ್ ಅವರ ಪ್ರಶ್ನೆಯನ್ನು ಅಮೆರಿಕದವರಿಗೆ ಬಿಟ್ಟುಕೊಡುವುದು ಸುಲಭ.

ಗುರುಗಳಿಗೆ ಇನ್ನೊಂದು ಪ್ರಸಂಗವೂ ಬೇಕು. 1963ರ ಏಪ್ರಿಲ್ 16ರ ದಿನಾಂಕವಿರುವ, ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಕಿಂಗ್ ಬರೆದ ಪತ್ರ ದ್ವೇಷಿಗಳಿಗೆ ಬರೆದದ್ದಲ್ಲ. ಸಹನೆಯಿಂದಿರಿ, ಕಾಯಿರಿ ಎಂದು ಬುದ್ಧಿ ಹೇಳಿದ ಎಂಟು ಮಂದಿ ಬಿಳಿಯ ಧರ್ಮಗುರುಗಳಿಗೆ ಬರೆದದ್ದು. ಅವರಲ್ಲಿ ಒಬ್ಬರು ಕಥೋಲಿಕ ಸಹಾಯಕ ಧರ್ಮಾಧ್ಯಕ್ಷರಾದ ಜೋಸೆಫ್ ಡ್ಯೂರಿಕ್. ಅವರು ಮುಂದೆ ನ್ಯಾಶ್‌ವಿಲ್‌ನ ಧರ್ಮಾಧ್ಯಕ್ಷರಾಗಿ ಜನಾಂಗ ಸಮಾನತೆಯ ಪರವಾಗಿ ನಿಂತರು, ವಿರೋಧವನ್ನೂ ಎದುರಿಸಿದರು. ತಪ್ಪಾದ ಪತ್ರಕ್ಕೆ ಸಹಿ ಹಾಕಿದ ಕೈಗೂ ಪರಿವರ್ತನೆ ಸಾಧ್ಯ ಎಂಬುದು ನನ್ನಂಥವರಿಗೆ ಒಂದು ಭರವಸೆ.

6. ತರಗತಿಯಲ್ಲಿ ಏನು ಬದಲಾಗಬೇಕು

ವಿಮರ್ಶೆ ಇಷ್ಟಕ್ಕೇ ನಿಂತರೆ ಅಧ್ಯಾಪಕರಿಗೆ ಉಪಯೋಗವಿಲ್ಲ. ಆದುದರಿಂದ ಮೂರು ಮಾತುಗಳನ್ನು ಮುಂದಿಡುತ್ತೇನೆ.

ಮೊದಲನೆಯದಾಗಿ, ಎರಡು ಪಾಠಗಳನ್ನು ಒಂದೇ ವಾರದಲ್ಲಿ ಒಟ್ಟಿಗೆ ಕಲಿಸಬೇಕು. ಇದಕ್ಕೆ ಪಠ್ಯ ಬದಲಾಗಬೇಕಿಲ್ಲ, ವೇಳಾಪಟ್ಟಿ ಬದಲಾದರೆ ಸಾಕು. ವರ್ಣಭೇದ ನೀತಿಯ ಪಕ್ಕದಲ್ಲಿ ಸ್ತರವಿನ್ಯಾಸವನ್ನು ಇಟ್ಟಾಗ ಸಾಮ್ಯಗಳನ್ನೂ ವ್ಯತ್ಯಾಸಗಳನ್ನೂ ಮಕ್ಕಳೇ ಕಂಡುಕೊಳ್ಳುತ್ತಾರೆ. ಮೇಸ್ ಮೈಸೂರಿನ ಶಾಲೆಗೆ ಬಂದ ಪ್ರಸಂಗ ಈ ಎರಡರ ನಡುವಿನ ಬಾಗಿಲಾಗಬಹುದು.

ಎರಡನೆಯದಾಗಿ, ಯಾವ ಮಗುವನ್ನೂ ಸಾಕ್ಷಿಯ ಕಟಕಟೆಗೆ ಎಳೆಯಬಾರದು. ನಿನ್ನ ಜಾತಿ ಯಾವುದು, ನಿನಗೇನಾಗಿದೆ ಹೇಳು ಎಂದು ಕೇಳುವುದು ಪಾಠದ ಹೆಸರಿನಲ್ಲಿ ಮತ್ತೆ ಕೇರಿ ಕೇಳುವುದೇ. ಮಗು ತಾನಾಗಿ ಹೇಳಿದರೆ ಅದನ್ನು ಗೌರವದಿಂದ ಕೇಳಬೇಕು. ಅದು ಹೇಳದಿದ್ದರೆ ಮೌನವನ್ನೂ ಗೌರವಿಸಬೇಕು. ನಗು ಬಂದಾಗ ಪಾಠ ನಿಲ್ಲಿಸಿ ಆ ನಗುವನ್ನೇ ಪಾಠದ ವಿಷಯವಾಗಿಸಬೇಕು. ಯಾರು ನಕ್ಕರು ಎಂದು ಹುಡುಕುವುದಲ್ಲ; ನಾವೇಕೆ ನಗುತ್ತೇವೆ ಎಂದು ಒಟ್ಟಿಗೆ ಕೇಳಿಕೊಳ್ಳುವುದು.

ಮೂರನೆಯದಾಗಿ, ಕಲಿಸುವವನು ತನ್ನಿಂದಲೇ ಆರಂಭಿಸಬೇಕು. ಗುರುದೀಕ್ಷೆಯಾದಂದಿನಿಂದ ನನ್ನನ್ನು ಯಾರೂ ಯಾವ ಕೇರಿ ಎಂದು ಎದುರಿನಲ್ಲಿ ಕೇಳಿಲ್ಲ. ಬಿಳಿ ನಿಲುವಂಗಿಯೂ ದೀಕ್ಷಾಸ್ನಾನದ ಹೆಸರೂ ನನ್ನ ಪರವಾಗಿ ಉತ್ತರ ಕೊಟ್ಟುಬಿಡುತ್ತವೆ. ಆ ರಕ್ಷಣೆಯ ಒಳಗೆ ನಿಂತು ಎಲ್ಲರೂ ಸಮಾನರು ಎನ್ನುವುದಕ್ಕೆ ನನಗೆ ಏನೂ ಖರ್ಚಾಗುವುದಿಲ್ಲ. ನನ್ನ ಧರ್ಮಸಭೆಯ ಗೋಡೆ, ನನ್ನ ಮನೆತನದ ಪಂಕ್ತಿ, ನಾನು ಕಂಡೂ ಸುಮ್ಮನಿದ್ದ ಎರಡು ಲೋಟದ ಹೋಟೆಲು: ಇವುಗಳಲ್ಲಿ ಒಂದನ್ನಾದರೂ ನಾನು ಮೊದಲು ಹೇಳಿದರೆ, ಆಮೇಲೆ ಹುಡುಗನಿಗೆ ಹೇಳುವ ಸ್ವಾತಂತ್ರ್ಯ ಸಿಗುತ್ತದೆ. ಪಾಪನಿವೇದನೆಯನ್ನು ಕೇಳುವ ನಮಗೆ, ಮೊದಲು ನಿವೇದಿಸುವವನ ಧೈರ್ಯ ಎಂಥದೆಂದು ಬೇರೆಯವರು ಹೇಳಿಕೊಡಬೇಕಿಲ್ಲ.

ಆ ಶಾಲೆಗೆ ಮುಂದಿನ ವರ್ಷ ನಾನು ಮತ್ತೆ ಹೋದೆ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಬೇರೆ ಮಕ್ಕಳಿದ್ದರು. ಆ ಹುಡುಗ ಪರೀಕ್ಷೆ ಮುಗಿಸಿ ಹೋಗಿದ್ದ. ಅಧ್ಯಾಪಕರು ಅದೇ ಪಾಠವನ್ನು ಅದೇ ಶ್ರದ್ಧೆಯಿಂದ ಹೇಳಿದರು. ಕೊನೆಯಲ್ಲಿ ನನ್ನನ್ನು ಕರೆದಾಗ, ಹಿಂದಿನ ವರ್ಷ ಇದೇ ಕೋಣೆಯಲ್ಲಿ ಒಬ್ಬ ಹುಡುಗ ಹೇಳಿದ ಮಾತನ್ನೂ ನಾನು ಅದಕ್ಕೆ ಉತ್ತರ ಕೊಡದೆ ಕುಳಿತದ್ದನ್ನೂ, ಅವನ ಗುರುತು ಸಿಗದ ಹಾಗೆ, ಮಕ್ಕಳಿಗೆ ಹೇಳಿದೆ. ಈ ಸಲ ಯಾರೂ ನಗಲಿಲ್ಲ. ಬಹಳ ಹೊತ್ತು ಯಾರೂ ಮಾತನಾಡಲೂ ಇಲ್ಲ. ಆಮೇಲೆ ಹುಡುಗಿಯೊಬ್ಬಳು ಕೈ ಎತ್ತಿದಳು. ಅಧ್ಯಾಪಕರು ಗಡಿಯಾರ ನೋಡಲಿಲ್ಲ.